ಹುಚ್ಚವ್ವ ತಿಕ್ಕಿದ ಹಂಡೆ

ಇರಿ ಇರಿ, ಎದ್ದು ಹೋಗಬೇಡಿ. ಇದೊಂದನ್ನು ಪೂರ್ತಿ ಕೇಳಿಕೊಂಡೇ ಹೋಗಿ. ಚಹಾ ಆರಿದರೆ ಇನ್ನೊಮ್ಮೆ ಕಾಯಿಸಿಕೊಳ್ಳಬಹುದು. ಆದರೆ ಹಮ್ಮಿಗಿಯ ಹುಚ್ಚವ್ವ ಹಬ್ಬಕ್ಕೆಂದು ಹಂಡೆ ತಿಕ್ಕಿ, ಮೊಮ್ಮಗಳ ರಸಾಯನಶಾಸ್ತ್ರವನ್ನೇ ತೊಳೆದುಹಾಕಿದ ಈ ಸಂಗತಿಯನ್ನು ಅರ್ಧಕ್ಕೆ ಬಿಟ್ಟರೆ ರುಚಿ ಹತ್ತುವುದಿಲ್ಲ.

ಮೊಮ್ಮಗಳ ಹೆಸರು ನೇತ್ರಾ. ಮನೆ ಬೆಟಗೇರಿಯಲ್ಲಿ, ಕಾಲೇಜು ಗದಗಿನಲ್ಲಿ, ಬಿ.ಎಸ್ಸಿ. ಕೊನೆಯ ವರ್ಷ. ಕೆಲವರಿಗೆ ಸಿನಿಮಾ ಹುಚ್ಚು, ಕೆಲವರಿಗೆ ಕ್ರಿಕೆಟ್ ಹುಚ್ಚು, ಇವಳಿಗೆ ಬಣ್ಣ ಬದಲಾಯಿಸುವ ವಸ್ತುಗಳ ಹುಚ್ಚು. ಅದರಲ್ಲೂ ಸಂಕ್ರಮಣ ಲೋಹಗಳೆಂದರೆ ಮುಗಿಯಿತು, ಊಟ ಬಿಟ್ಟು ಕೂರುತ್ತಾಳೆ. ತಾಮ್ರ, ಕಬ್ಬಿಣ, ಕ್ರೋಮಿಯಂ ಎಲ್ಲ ಆ ಮನೆತನದವು. ಸುಮ್ಮನಿರುವ ಜಾತಿಯೇ ಅಲ್ಲ ಅವು. ಆಮ್ಲಜನಕ ಸೇರಿದರೆ ಒಂದು ಬಣ್ಣ, ಕ್ಲೋರಿನ್ ಸೇರಿದರೆ ಇನ್ನೊಂದು, ಎರಡೂ ಒಟ್ಟಿಗೆ ಬಂದು ಕೂತರೆ ಮತ್ತೊಂದು. ತಾಮ್ರದ ಮೇಲೆ ಹಾಗೆ ಎರಡೂ ಬಂದು ಕೂತಾಗ ಹುಟ್ಟುವುದೇ ಕಾಪರ್ ಆಕ್ಸಿಕ್ಲೋರೈಡ್. ಗಿಳಿಯ ರೆಕ್ಕೆಗೆ ತುಸು ನೀಲಿ ಬೆರೆಸಿದಂಥ ಹಸಿರು ಪುಡಿ. ನಮ್ಮ ರೈತರು ಮೆಣಸಿನಗಿಡಕ್ಕೆ, ನಿಂಬೆಗೆ, ಎಲೆಬಳ್ಳಿಗೆ ರೋಗ ಬಂದಾಗ ನೀರಲ್ಲಿ ಕದಡಿ ಹೊಡೆಯುತ್ತಾರಲ್ಲ, ಅದೇ.

ದಸರೆಗೆ ಮುಂಚೆ ಮಹಾದೇವ ಸರ್ ಲ್ಯಾಬಿನಲ್ಲಿ ಎಲ್ಲರನ್ನೂ ನಿಲ್ಲಿಸಿ ಪ್ರಾಜೆಕ್ಟ್ ಏನು ಮಾಡುತ್ತೀರಿ ಎಂದು ಕೇಳಿದರು. ಕಾಲೇಜಿನಿಂದ ಒಂದೇ ಒಂದು ಪ್ರಾಜೆಕ್ಟ್ ಧಾರವಾಡದ ಪ್ರದರ್ಶನಕ್ಕೆ ಹೋಗುವುದಿತ್ತು. ಸೊರಟೂರಿನ ಸೋಮೇಶ ಎದ್ದು, "ಬೇವಿನ ಸೋಪ್ ಮಾಡ್ತೇನ್ರಿ ಸರ" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನೇತ್ರಾ ಎದ್ದು, "ಕಾಪರ್ ಆಕ್ಸಿಕ್ಲೋರೈಡ್ ಮಾಡ್ತೇನ್ರಿ" ಅಂದಳು. ಯಾರೂ ತಟ್ಟಲಿಲ್ಲ.

"ಅದನ್ನೇನ ಮಾಡೂದು ಬಿಡವಾ," ಅಂದ ಸೋಮೇಶ. "ಸೊಸೈಟಿ ಅಂಗಡ್ಯಾಗ ಪಾಕೀಟ ಸಿಗತಾವ. ನಮ್ಮಪ್ಪ ಮೆಣಸಿನಗಿಡಕ್ಕ ಹೊಡೀತಾನ."

"ಅಂಗಡ್ಯಾಗ ಸೋಪೂ ಸಿಗತೈತಿ. ನೀ ಯಾಕ ಮಾಡಾಕತ್ತಿ?"

ಈಗ ಚಪ್ಪಾಳೆ ಬಿದ್ದವು. ಮಹಾದೇವ ಸರ್ ನಗುತ್ತಲೇ ಷರತ್ತು ಹಾಕಿದರು. ದೀಪಾವಳಿ ಸೂಟಿ ಮುಗಿದು ಕಾಲೇಜು ಶುರುವಾದ ದಿನ ನೇತ್ರಾ ತಾನೇ ಮಾಡಿದ ಹಸಿರು ಪುಡಿಯನ್ನು ಡಬ್ಬಿಯಲ್ಲಿ ತಂದು ಮೇಜಿನ ಮೇಲೆ ಇಡಬೇಕು. ತಂದರೆ ಧಾರವಾಡಕ್ಕೆ ಅವಳು. ತರದಿದ್ದರೆ ಧಾರವಾಡಕ್ಕೆ ಸೋಮೇಶನ ಸೋಪು. "ಆಮ್ಯಾಲ ನೀ ಅವನ ಸೋಪಿಗೆ ಕಾಗದಾ ಸುತ್ತಾಕಿ, ಆತಿಲ್ಲ?"

ಕಾಗದ ಸುತ್ತುವುದು! ನೇತ್ರಾಳ ಮೈಯೆಲ್ಲ ಉರಿದುಹೋಯಿತು.

ಬೆಟಗೇರಿಯಲ್ಲಿ ಅವರ ಓಣಿಯ ತುದಿಗೆ ಅಯ್ಯೂಬ ಕಾಕಾನ ಅಂಗಡಿ. ಹಳೆಯ ಮೋಟರ್ ಬಿಚ್ಚಿ, ತಂತಿ ಸುತ್ತಿ, ಮತ್ತೆ ತಿರುಗುವಂತೆ ಮಾಡುವುದು ಅವನ ಕಸುಬು. ಸುಟ್ಟ ತಂತಿ ರಾಶಿ ಬಿದ್ದಿರುತ್ತಿತ್ತು.

"ಕಾಕಾ, ಒಂದ ಹಿಡಿ ತಾಮ್ರದ ತಂತಿ ಕೊಡ್ರಿ."

"ಏನ್ ಮಾಡ್ತಿ ಬೇಟಿ?"

"ಕಿಲುಬು ಹಿಡಿಸ್ತೇನ್ರಿ."

ಅಯ್ಯೂಬ ಕಾಕಾ ಕೈಲಿದ್ದ ಇಕ್ಕಳ ಕೆಳಗಿಟ್ಟ. "ಮಂದಿ ಎಲ್ಲಾ ಕಿಲುಬು ತಗೀರಿ ಅಂತ ಬರತಾರ. ಹಿಡಿಸಾಕ ಬಂದಾಕಿ ನೀ ಒಬ್ಬಾಕಿ ನೋಡು." ಹೇಳಿದ್ದು ಹಾಗೆ, ಆದರೆ ತಂತಿಯ ಮೇಲಿನ ಅರಗನ್ನು ತಾನೇ ಕೆರೆದು, ತುಂಡು ಮಾಡಿ, ಚೀಲ ತುಂಬಿ ಕೊಟ್ಟ.

ದಸರೆಯ ಸೂಟಿಗೆ ನೇತ್ರಾ ಆ ಚೀಲ ಹೊತ್ತು ಮುಂಡರಗಿ ದಾಟಿ ಹಮ್ಮಿಗಿಗೆ ಹೋದಳು. ಅಲ್ಲಿ ಹೊಳೆಯಿಂದ ಸ್ವಲ್ಪ ಮೇಲಕ್ಕೆ ಅವಳ ತಾಯಿಯ ತಾಯಿ ಹುಚ್ಚವ್ವನ ಮನೆ. ನೇತ್ರಾ ಅವಳನ್ನು ಆಯಿ ಅನ್ನುತ್ತಾಳೆ. ಹಿತ್ತಲು ವಿಶಾಲ, ಗಾಳಿ ಬೇಕಾದಷ್ಟು, ಕೇಳುವವರು ಯಾರೂ ಇಲ್ಲ. ಹಿತ್ತಲಿನ ಮೂಲೆಯಲ್ಲಿ ಹಳೆಯ ತಾಮ್ರದ ಹಂಡೆಯೊಂದು ಬೋರಲು ಬಿದ್ದಿತ್ತು. ಮನೆಗೆ ಕರೆಂಟಿನ ಗೀಸರು ಬಂದಮೇಲೆ ಹಂಡೆಗೆ ಕೆಲಸವಿರಲಿಲ್ಲ.

ನೇತ್ರಾ ಹಂಡೆ ನೆಟ್ಟಗೆ ನಿಲ್ಲಿಸಿದಳು. ತಂತಿ ಹಾಕಿದಳು, ನೀರು ಸುರಿದಳು, ಉಪ್ಪು ಕರಗಿಸಿದಳು, ಒಂದಿಷ್ಟು ವಿನೆಗರ್ ಹನಿಸಿದಳು. ಹಂಡೆಯೂ ತಾಮ್ರ, ತಂತಿಯೂ ತಾಮ್ರ, ಎರಡೂ ಸೇರಿ ಹಸಿರು ಬೇಗ ಆಗುತ್ತದೆ ಎಂದು ಅವಳ ಲೆಕ್ಕಾಚಾರ. ತಪ್ಪು ಆಗಿದ್ದೇ ಇಲ್ಲಿ. ಆದರೆ ಅದು ತಪ್ಪು ಎಂದು ಆಗ ಗೊತ್ತಾಗಲಿಲ್ಲ. ಆಮೇಲೆ ಮೀನಿನ ತೊಟ್ಟಿಗೆ ಗಾಳಿ ಬಿಡುವ ಚಿಕ್ಕ ಪಂಪನ್ನು ಕಿಟಕಿಯಲ್ಲಿಟ್ಟು, ಅದರ ಕೊಳವೆಯನ್ನು ಹಂಡೆಯೊಳಗೆ ಇಳಿಬಿಟ್ಟಳು. ಗುಳುಗುಳು ಶುರುವಾಯಿತು.

ಹುಚ್ಚವ್ವ ಸೊಂಟಕ್ಕೆ ಕೈ ಕೊಟ್ಟು ಬಂದು ಬಗ್ಗಿ ನೋಡಿದಳು. "ಮೀನ ಎಲ್ಲಿ?"

"ಮೀನ ಇಲ್ಲ ಆಯಿ."

"ಮೀನ ಇಲ್ಲದ ಗಾಳಿ ಯಾರ ಉಸಿರಾಡಾಕ?"

"ತಾಮ್ರ ಉಸಿರಾಡತೈತಿ. ಗಾಳಿ, ಉಪ್ಪು, ನೀರು ಮೂರೂ ಸೇರಿ ತಾಮ್ರಾನ ತಿಂತಾವ. ಹಸರ ರಾಡಿ ಕೂಡತೈತಿ. ಅದು ಎಲಿ ರೋಗಕ್ಕ ಹೊಡಿಯೋ ಔಷಧಿ. ಮುಟ್ಟಬ್ಯಾಡ, ಬಾಯಿಗಂತೂ ಹಚ್ಚಬ್ಯಾಡ, ವಿಷ ಅದು. ದಿನಾ ಒಂದ ತಂಬಿಗಿ ನೀರ ಹಾಕು, ಸಾಕು."

"ಆತು ತಗಿ. ನಿಮ್ಮಜ್ಜಗ ಇಷ್ಟ ಸೇವಾ ಮಾಡಿದ್ದಿಲ್ಲ ನಾ," ಅಂದಳು ಹುಚ್ಚವ್ವ.

ನೇತ್ರಾ ಗದಗಿಗೆ ಮರಳಿದಳು. ದಿನವೂ ಸಂಜೆ ಫೋನು. "ಆಯಿ, ಹೆಂಗದಾನ ನಮ್ಮ ಹಂಡ್ಯಪ್ಪ?" ಮೊದಲು ಹುಚ್ಚವ್ವ, "ರಾಡಿ ಆಗೈತಿ, ಹಳದಿ ಹಳದಿ" ಅಂದಳು. ಆಮೇಲೆ, "ಹಸರ ಮೋಡ ಆಡಾಕತ್ತೈತಿ" ಅಂದಳು. ಮತ್ತೆ ಕೆಲವು ದಿನಕ್ಕೆ, "ಯವ್ವಾ ನೇತ್ರಿ, ತಳದಾಗ ಹಸರ ಕೆನಿ ಕಟ್ಟೇತಿ ನೋಡ, ಗಿಳಿ ಬಂದು ಮುಳಗಿ ಸತ್ತಂಗ!" ಅಂದಳು. ನೇತ್ರಾ ಆ ಸಂಜೆ ಓಣಿಯಲ್ಲಿ ಕುಣಿದದ್ದನ್ನು ಅಯ್ಯೂಬ ಕಾಕಾ ಕಣ್ಣಾರೆ ನೋಡಿದ್ದಾನೆ.

ದೀಪಾವಳಿ ಬಂತು. ನಮ್ಮ ಕಡೆ ದೀಪಾವಳಿ ದೀಪದಿಂದ ಶುರುವಾಗುವುದಿಲ್ಲ, ನೀರಿನಿಂದ ಶುರುವಾಗುತ್ತದೆ. ನೀರು ತುಂಬುವ ಹಬ್ಬ. ಅವತ್ತು ಮನೆಯಲ್ಲಿರುವ ಹಂಡೆ, ಕೊಡ, ತಂಬಿಗೆ ಎಲ್ಲವೂ ಹೊರಗೆ ಬರಬೇಕು, ಹುಣಸೆಹುಳಿ ಉಪ್ಪು ಹಚ್ಚಿ ಮುಖ ಕಾಣುವ ಹಾಗೆ ತಿಕ್ಕಬೇಕು, ಹಂಡೆಗೆ ಸುಣ್ಣದ ಪಟ್ಟಿ ಬಳಿದು, ಕೊರಳಿಗೆ ಬದುವಿನ ಬಳ್ಳಿ ಸುತ್ತಿ, ಹೊಸ ನೀರು ತುಂಬಬೇಕು. ಮರುದಿನ ಬೆಳಿಗ್ಗೆ ಆ ನೀರಲ್ಲೇ ಎಣ್ಣೆಸ್ನಾನ. ಗೀಸರು ಇದ್ದರೂ ಅವತ್ತು ಗೀಸರಿಗೆ ಕಿಮ್ಮತ್ತಿಲ್ಲ. ಹಮ್ಮಿಗಿಯ ಆ ಹಳೆಯ ಹಂಡೆ ವರ್ಷವೆಲ್ಲ ಬೋರಲು ಬಿದ್ದಿದ್ದರೂ ಅದಕ್ಕೆ ವರ್ಷದಲ್ಲಿ ಒಂದು ದಿನ ಇತ್ತು. ಆ ಒಂದು ದಿನವನ್ನೇ ನೇತ್ರಾ ಮರೆತಿದ್ದಳು! ಸೂತ್ರ ಬಾಯಿಪಾಠ, ತೂಕ ಬಾಯಿಪಾಠ, ಆದರೆ ಹುಟ್ಟಿದಾಗಿನಿಂದ ಮಾಡಿದ ಹಬ್ಬ ಮಾತ್ರ ತಲೆಯಿಂದ ಜಾರಿತ್ತು.

ಬಸ್ಸಿಳಿದು, ಡಬ್ಬಿ ಕೈಯಲ್ಲಿ ಹಿಡಿದು, ಹಿತ್ತಲಿಗೆ ಓಡಿದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಹಂಡೆ ಬೆಳಗುತ್ತಿತ್ತು. ಸಂಜೆ ಬಿಸಿಲು ಅದರ ಹೊಟ್ಟೆಯ ಮೇಲೆ ಬಿದ್ದು ಗೋಡೆಗೆಲ್ಲ ಕೆಂಪು ಚೆಲ್ಲಿತ್ತು. ಒಳಗೆ ತಿಳಿನೀರು, ಅದರಲ್ಲಿ ಒಂದು ಚೆಂಡುಹೂವು ತೇಲುತ್ತಿತ್ತು. ಕೊರಳಿಗೆ ಬಳ್ಳಿ. ಬಳ್ಳಿ ಜಾರದಂತೆ ಕಟ್ಟಿದ್ದು ಏನಿಂದ ಹೇಳಿ? ಅಯ್ಯೂಬ ಕಾಕಾನ ತಂತಿಯಿಂದ. ಅದನ್ನೂ ಹುಚ್ಚವ್ವ ಬಿಡದೆ ತಿಕ್ಕಿ, ಬಂಗಾರದ ಸರದಂತೆ ಮಾಡಿ ಹೆಣೆದಿದ್ದಳು. ಪಂಪಿನ ಕೊಳವೆ ಗೂಟಕ್ಕೆ ನೇತುಬಿದ್ದಿತ್ತು.

"ಆಯಿ! ಹಸರ ಎಲ್ಲಿ?"

"ಕಾಣವಲ್ದನ?" ಹುಚ್ಚವ್ವನ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ಎಲ್ಲಾ ತಗದೇನಿ. ರಟ್ಟಿ ಬಿದ್ದು ಹೋದ್ವು ನೋಡ. ಹುಣಸಿಹುಳಿ ಹಚ್ಚಿದ್ಯೋ ಇಲ್ಲೋ, ಓಡಿಹೋತು."

"ತಗೀ ಅಂತ ಯಾರ ಹೇಳಿದ್ರು ನಿನಗ!"

"ನೀರ ತುಂಬೋ ಹಬ್ಬದ ದಿನ ಹಂಡೆ ತಿಕ್ಕು ಅಂತ ಯಾರರ ಹೇಳಬೇಕನ? ಕಿಲುಬು ಹಂಡ್ಯಾಗ ನೀರ ತುಂಬಲೇನ? ಲಕ್ಷ್ಮಿ ಬಂದಾಕಿ ಹಿತ್ತಲದಾಗಿಂದನ ಹೊಳ್ಳಿ ಹೋಗತಾಳ!"

ನೇತ್ರಾ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತಳು. ಅಳು ಬಂತು. ಅಳುತ್ತ ಅಳುತ್ತಲೇ ತಲೆಯೊಳಗೆ ರಸಾಯನಶಾಸ್ತ್ರ ಓಡುತ್ತಿತ್ತು. ನೀರಲ್ಲಿ ಕರಗದ ಹಸಿರು ಹುಳಿಯಲ್ಲಿ ಕರಗುತ್ತದೆ, ಹುಣಸೆಯೂ ಆಮ್ಲವೇ, ಪುಸ್ತಕದಲ್ಲಿ ಇದ್ದದ್ದೇ ಆಗಿದೆ. ಪುಸ್ತಕ ಸರಿಯಾಗಿರುವುದು ಅವತ್ತಿನಷ್ಟು ಯಾವತ್ತೂ ಬೇಸರ ತಂದಿರಲಿಲ್ಲ.

ಮೊಮ್ಮಗಳು ಯಾಕೆ ಅಳುತ್ತಾಳೆಂದು ತಿಳಿದಾಗ ಹುಚ್ಚವ್ವನ ಕೈ ಬಾಯಿಗೆ ಹೋಯಿತು. "ಅಯ್ಯ ನಮ್ಮವ್ವ! ಪರೀಕ್ಷಾದ್ದ ಅದು? ಮದಲ ಹೇಳಬಾರದನ ಖೋಡಿ! ನಾ ಏನೋ ಹುಡುಗ್ರ ಆಟ ಅಂದ್ಕೊಂಡಿದ್ನಿ."

"ಹಬ್ಬ ಬರತೈತಿ ಅಂತ ನೀ ಹೇಳಬಾರದನ!"

"ಹಬ್ಬ ಬರತೈತಿ ಅಂತ ಹೇಳಾಕ ಅದೇನ ಹೊಸಾ ಅಳಿಯನ?"

ನೇತ್ರಾ ಅಳುವಿನ ನಡುವೆಯೇ ನಕ್ಕುಬಿಟ್ಟಳು.

ಸೋಮೇಶನಿಗೆ ಫೋನು ಮಾಡಿ ಸುದ್ದಿ ಹೇಳಿದಳು. ಅವನು ಕುಣಿಯಬೇಕಿತ್ತು, ಕುಣಿಯಲಿಲ್ಲ. "ನನ್ನ ಸೋಪಿಗೆ ನೊರಿ ಬರವಲ್ದಲೇ," ಅಂದ ಸಣ್ಣ ದನಿಯಲ್ಲಿ. "ಕಲ್ಲ ಇದ್ದಂಗ ಐತಿ. ನಮ್ಮವ್ವ ಅದರ ಮ್ಯಾಲ ಚಾಕು ಮಸೀತಾಳ. ಧಾರವಾಡಕ್ಕ ಅದನ್ನ ಒಯ್ದ್ರ ಮಾನ ಹೊಕ್ಕೈತಿ. ನೀ ಚಿಂತಿ ಮಾಡಬ್ಯಾಡ, ನಾ ಏನರ ಮಾಡ್ತೇನಿ."

ಮರುದಿನ ಎಣ್ಣೆಸ್ನಾನ ಅದೇ ಹಂಡೆಯ ನೀರಿನಲ್ಲಿ ಆಯಿತು. ಬೆನ್ನಿಗೆ ಬಿಸಿನೀರು ಬೀಳುವಾಗ ಸುಖವೂ ಆಯಿತು, ಸಿಟ್ಟೂ ಬಂತು. ಹೋಳಿಗೆ ತಿಂದಳು. ಪಟಾಕಿ ಹಾರಿಸಲಿಲ್ಲ. ರಾತ್ರಿ ಒಂದು ಸಣ್ಣ ಮಳೆ ಬಿದ್ದು ಹೋಯಿತು.

ಹಬ್ಬ ಮುಗಿದು ಹೊರಡುವ ಹಿಂದಿನ ದಿನ ಹುಚ್ಚವ್ವ, "ಮಂಡಕ್ಕಿ ಕಲಸ್ತೇನಿ, ಒಂದ ನಿಂಬಿಕಾಯಿ ಹರಕೊಂಡ ಬಾ" ಅಂದಳು. ನೇತ್ರಾ ಹಿತ್ತಲಿನ ಆಚೆ ಬದಿಯ ನಿಂಬೆಗಿಡದ ಹತ್ತಿರ ಹೋದಳು. ಕೈ ಎತ್ತಿದವಳು ಹಾಗೇ ನಿಂತಳು.

ಎಲೆಗಳ ಮೇಲೆ ಹಸಿರು. ಎಲೆಯ ಹಸಿರಲ್ಲ, ಅವಳ ಹಸಿರು! ಚಿಕ್ಕೆ ಚಿಕ್ಕೆಯಾಗಿ, ಹನಿ ಒಣಗಿ ಅಂಟಿದ ಹಾಗೆ, ನೀಲಿ ಬೆರೆತ ಗಿಳಿಹಸಿರು. ಬೆರಳಿಂದ ಒರೆಸಿದಳು, ಸುಲಭಕ್ಕೆ ಹೋಗಲಿಲ್ಲ. ಮಳೆ ಬಿದ್ದಿದೆ, ಇಬ್ಬನಿ ಬಿದ್ದಿದೆ, ಆದರೂ ಕೂತಿದೆ.

"ಆಯೀ! ನಿಂಬಿಗಿಡಕ್ಕ ಏನ ಮಾಡಿದಿ?"

ಹುಚ್ಚವ್ವ ಹಿಟ್ಟಿನ ಕೈಲೇ ಓಡಿಬಂದಳು. "ಮತ್ತೇನ ತಪ್ಪ ಮಾಡೇನವಾ? ನೀನ ಹೇಳಿದ್ದಿ, ಎಲಿ ರೋಗಕ್ಕ ಔಷಧಿ ಅಂತ. ಗಿಡಕ್ಕ ಕಜ್ಜಿ ಹತ್ತಿತ್ತು. ಹಸರ ರಾಡಿ ಚೆಲ್ಲೂದ್ಯಾಕ ಅಂತ ಬಕೀಟಿಗೆ ಬಸಕೊಂಡು, ಬೇವಿನ ತಪ್ಪಲಲೆ ಅದ್ದಿ ಅದ್ದಿ ಗಿಡಕ್ಕೆಲ್ಲಾ ಹೊಡದ್ನಿ. ಆಮ್ಯಾಲ ಹಂಡೆ ತಿಕ್ಕಿದ್ನಿ."

"ಯಾಕ ಹೇಳಲಿಲ್ಲ!"

"ನೀ ಹಸರ ಎಲ್ಲಿ ಅಂತ ಕೇಳಿದಿ, ಹಂಡ್ಯಾಗಿಂದು ತಗದೇನಿ ಅಂದ್ನಿ. ಆಮ್ಯಾಲ ಅಳಾಕ ಹತ್ತಿದಿ. ಅಳಾಕಿ ಮುಂದ ಏನ ಹೇಳ್ಲಿ?"

ನೇತ್ರಾ ಹುಚ್ಚವ್ವನನ್ನು ಹಿಟ್ಟಿನ ಕೈ ಸಮೇತ ತಬ್ಬಿಕೊಂಡು ಗಿಡದ ಸುತ್ತ ಒಂದು ಸುತ್ತು ಹಾಕಿಸಿದಳು. "ಬಿಡಲೇ, ಸೊಂಟಾ!" ಎಂದು ಹುಚ್ಚವ್ವ ಕೂಗುತ್ತಿದ್ದರೂ ಬಿಡಲಿಲ್ಲ. ಕೆಲವು ಎಲೆಗಳ ತುದಿ ಸುಟ್ಟು ಕಂದಾಗಿದ್ದವು, ಅದು ತೊಳೆಯದೆ ಉಳಿದ ಉಪ್ಪಿನ ಕೆಲಸ. ಇರಲಿ. ಹಸಿರು ಚೆನ್ನಾಗಿ ಅಂಟಿದ್ದ ಒಂದು ಕೊಂಬೆಯನ್ನು ಕತ್ತರಿಸಿ, ಹಳೆಯ ಪೇಪರಿನಲ್ಲಿ ಸುತ್ತಿದಳು.

ಆದರೆ ಕೊಂಬೆ ಡಬ್ಬಿಯಲ್ಲವಲ್ಲ! ಸರ್ ಕೇಳಿದ್ದು ಪುಡಿ. ಎಲ್ಲ ಎಲೆಯನ್ನೂ ಕೆರೆದರೆ ಒಂದು ಚಿಟಿಕೆ ಸಿಕ್ಕೀತು, ಅದರಲ್ಲೂ ಅರ್ಧ ಧೂಳು.

"ನಾನೂ ಬರ್ತೇನಿ," ಅಂದಳು ಹುಚ್ಚವ್ವ. "ತಿಕ್ಕಿದಾಕಿ ನಾ. ನಿಮ್ಮ ಮಾಸ್ತರಗ ನಾನ ಹೇಳ್ತೇನಿ."

"ಬ್ಯಾಡ ಆಯಿ."

"ಹಂಡೇನೂ ತರ್ತೇನಿ. ಬರಿಗೈಲೆ ಹೋದ್ರ ಯಾರ ನಂಬ್ತಾರ?"

ಮುಂಡರಗಿಯಿಂದ ಗದಗಿನ ಬಸ್ಸು ಅವತ್ತು ತುಂಬಿ ತುಳುಕುತ್ತಿತ್ತು. ಸುಣ್ಣದ ಪಟ್ಟಿ, ಒಣಗಿದ ಬಳ್ಳಿ, ತಂತಿಯ ಸರ ಎಲ್ಲ ಹಾಗೇ ಇದ್ದ ಹಂಡೆಯನ್ನು ಹುಚ್ಚವ್ವ ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕುಳಿತಿದ್ದಳು. ಕಂಡಕ್ಟರ್ ಬಂದು ಆಧಾರ್ ಕಾರ್ಡ್ ನೋಡಿ, ಹೆಂಗಸರ ಪುಕ್ಕಟೆ ಚೀಟಿ ಹರಿದು ಕೊಟ್ಟು, ಹಂಡೆಯ ಕಡೆ ಬೆರಳು ಮಾಡಿದ.

"ಇದಕ್ಕ ಲಗೇಜ ಆಕ್ಕೈತ್ರಿ ಅಜ್ಜಿ."

"ನನಗ ಪುಕ್ಕಟೆ, ಇದಕ್ಕ ಯಾಕ ಟಿಕೀಟ?"

"ಹಂಡೆ ಹೆಣ್ಣ ಅಲ್ಲಲ್ರಿ!"

"ಕೊಳ್ಳಾಗ ಸರಾ ಐತಿ, ಮಾರಿಗೆ ಸುಣ್ಣಾ ಹಚ್ಚೇನಿ, ನೀರಿಗೆ ಹೋಗಿ ಬಂದಾಳ. ಇನ್ನೇನ ಬೇಕ ನಿನಗ, ಹೆಣ್ಣ ಅನ್ನಾಕ?"

ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ಸೋತು ಮುಂದಕ್ಕೆ ಹೋದ. ನೇತ್ರಾ ಮಾತ್ರ ಕಾಲ ಬಳಿಯ ಚೀಲವನ್ನೇ ನೋಡುತ್ತಿದ್ದಳು.

ಕಾಲೇಜಿನ ಗೇಟಿನಲ್ಲಿ ಸೋಮೇಶ ಕಾಯುತ್ತಿದ್ದ. ಆಚೆ ಈಚೆ ನೋಡಿ, ಅಂಗಿಯೊಳಗಿಂದ ಒಂದು ಗಾಜಿನ ಡಬ್ಬಿ ತೆಗೆದು ಅವಳ ಚೀಲಕ್ಕೆ ಹಾಕಿಯೇಬಿಟ್ಟ. ಅದರ ತುಂಬ ಹಸಿರು ಪುಡಿ. ಮೇಲೆ ಚೀಟಿಯನ್ನೂ ಅಂಟಿಸಿದ್ದ: ಕಾಪರ್ ಆಕ್ಸಿಕ್ಲೋರೈಡ್, ತಯಾರಿಸಿದವರು ನೇತ್ರಾ.

"ನಮ್ಮಪ್ಪನ ಪಾಕೀಟಿಂದ ತಗದೇನಿ. ಇಡು ಮೇಜಿನ ಮ್ಯಾಲ, ಸುಮ್ಮನ ನಿಂದ್ರು. ಅದೂ ಅದ, ಇದೂ ಅದ. ಯಾ ದೇವರಿಗೂ ಗೊತ್ತಾಗಂಗಿಲ್ಲ."

"ಹಂಗಲ್ಲಲೇ..."

"ನೀ ಮಾಡಿದ್ದಿ ಖರೆ ಹೌದಿಲ್ಲ? ನಿಮ್ಮಾಯಿ ತೊಳದದ್ದು ಖರೆ ಹೌದಿಲ್ಲ? ಮತ್ತ ಸುಳ್ಳ ಎಲ್ಲಿ ಬಂತು ಇದರಾಗ?"

ಮಾತು ನೇರವಾಗಿಯೇ ಇತ್ತು. ನೇತ್ರಾ ಚೀಲ ಎತ್ತಿಕೊಂಡು ಆಯಿಯ ಹಿಂದೆ ಲ್ಯಾಬಿಗೆ ನಡೆದಳು.

ಮಹಾದೇವ ಸರ್ ಮೊದಲು ನೋಡಿದ್ದು ಹಂಡೆಯನ್ನು. "ಇದೇನವಾ ಮೆರವಣಿಗಿ?"

"ನಮ್ಮಾಯಿ ರೀ ಸರ."

"ನಮಸ್ಕಾರ್ರೀ ಮಾಸ್ತರ," ಅಂದಳು ಹುಚ್ಚವ್ವ. "ಆಮ್ಯಾಲ ಹೇಳ್ತೇನಿ. ಮದಲ ಆಕಿನ್ನ ಕೇಳ್ರಿ."

"ಬರ್ರಿ ಅವ್ವಾರ, ಕುಂಡ್ರಿ. ಎಲ್ಲೈತಿ ನೇತ್ರಾ, ನಿನ್ನ ಡಬ್ಬಿ?"

ನೇತ್ರಾ ಚೀಲದೊಳಗೆ ಕೈ ಹಾಕಿದಳು. ಒಂದು ಕಡೆ ತಣ್ಣಗಿನ ಗಾಜು. ಇನ್ನೊಂದು ಕಡೆ ಪೇಪರು ಹರಿದು ಹೊರಬಂದ ನಿಂಬೆಯ ಮುಳ್ಳು. ಮುಳ್ಳು ಚುಚ್ಚಿತು. ಚುಚ್ಚಿದ್ದಕ್ಕೇ ಅದನ್ನು ಆರಿಸಿದಳು ಎಂದುಕೊಳ್ಳಬೇಡಿ, ಬೆರಳು ಮತ್ತೆ ಗಾಜಿನ ಕಡೆಗೇ ಸರಿದಿತ್ತು. ಡಬ್ಬಿ ಇಟ್ಟರೆ ಧಾರವಾಡ. ಅಷ್ಟೇ, ಬೇರೆ ತೊಂದರೆಯೇ ಇಲ್ಲ. ಆದರೆ ಆಗ ಒಂದು ಯೋಚನೆ ಬಂತು. ಹಂಡೆಯಲ್ಲಿ ಹುಟ್ಟಿದ್ದು ನಿಜವಾಗಿ ಆಕ್ಸಿಕ್ಲೋರೈಡೇನಾ? ಅವಳು ಅದನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಹಸಿರಾದದ್ದೆಲ್ಲ ಅದೇ ಆಗಬೇಕೆಂದಿಲ್ಲ, ಬರೀ ಗಾಳಿ ತೇವಕ್ಕೂ ತಾಮ್ರ ಹಸಿರಾಗುತ್ತದೆ, ಅದರಲ್ಲಿ ಕ್ಲೋರಿನ್ ಇರುವುದಿಲ್ಲ. ಅಂಗಡಿಯ ಪುಡಿ ಇಟ್ಟರೆ ಎಲ್ಲರೂ ನಂಬುತ್ತಾರೆ. ಅವಳಿಗೆ ಮಾತ್ರ ಎಂದಿಗೂ ಗೊತ್ತಾಗುವುದಿಲ್ಲ.

ಕೊಂಬೆ ಮೇಜಿನ ಮೇಲೆ ಬಂತು. ಹಿಂದೆಯೇ ಡಬ್ಬಿಯೂ ಬಂತು.

"ಸರ, ಇದು ನಾ ಮಾಡಿದ್ದು, ಗಿಡದ ಮ್ಯಾಲ ಉಳದೈತಿ. ಇದು ಅಂಗಡೀದು, ಚೀಟಿ ಸುಳ್ಳ ಐತ್ರಿ. ಡಬ್ಬಿ ತುಂಬ ತರಾಕ ಆಗಲಿಲ್ಲ."

ಸೋಮೇಶ ಹಣೆ ಬಡಿದುಕೊಂಡ. ಹುಚ್ಚವ್ವ ಎದ್ದುನಿಂತು ನೀರು ತುಂಬುವ ಹಬ್ಬ, ಲಕ್ಷ್ಮಿ, ಹುಣಸೆಹುಳಿ, ಕಜ್ಜಿ ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮಹಾದೇವ ಸರ್ ನಗು ತಡೆಯಲು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು.

"ಪ್ಲಾಸ್ಟಿಕ್ ಬಕೀಟ ಇದ್ದಿದ್ದಿಲ್ಲೇನವಾ ಮನ್ಯಾಗ?"

ಲ್ಯಾಬೆಲ್ಲ ನಕ್ಕಿತು. ಬಕೆಟ್ಟನ್ನು ಯಾರು ಹಬ್ಬಕ್ಕೆ ತಿಕ್ಕುತ್ತಾರೆ!

"ಆತು. ಮಾಡೇನಿ ಅಂತಿ, ತೋರಸು," ಎಂದರು ಸರ್. "ಆದ್ರ ಒಂದ ಮಾತ. ಈ ಎಲಿ ಮ್ಯಾಲ ಉಪ್ಪೂ ಐತಿ. ಕ್ಲೋರೈಡ ಸಿಕ್ತು ಅಂತ ನೀ ಕುಣದ್ರ ಅದು ಉಪ್ಪಿಂದು ಅಂತ ನಾ ಅಂತೇನಿ. ಏನ ಮಾಡ್ತಿ?"

ನೇತ್ರಾಳ ಕಣ್ಣು ಹೊಳೆಯಿತು. "ಉಪ್ಪು ನೀರಾಗ ಕರಗತೈತ್ರಿ ಸರ. ಇದು ಕರಗಂಗಿಲ್ಲ. ತೊಳೀತೇನ್ರಿ."

ಎಲೆಯ ತುಂಡುಗಳನ್ನು ಶುದ್ಧ ನೀರಲ್ಲಿ ಅದ್ದಿ ತೊಳೆದಳು. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದರೆ ಬೆಳ್ಳಗೆ ಕದಡಿತು. ಕ್ಲೋರೈಡ್ ಇದ್ದರೆ ಹಾಗಾಗುತ್ತದೆ, ಅದು ಉಪ್ಪಿನದು. ಮತ್ತೆ ತೊಳೆದಳು, ಕಡಿಮೆಯಾಯಿತು. ಮತ್ತೆ ತೊಳೆದಳು, ಮತ್ತೆ. ಕೊನೆಗೆ ನೀರು ತಿಳಿಯಾಗಿಯೇ ಉಳಿಯಿತು. ಎಲೆಯ ಮೇಲಿನ ಹಸಿರು ಅಲ್ಲಾಡಿರಲಿಲ್ಲ.

"ಆತಲ್ಲ, ಇನ್ನೂ ಎಷ್ಟ ತೊಳೀತಿ?" ಅಂದಳು ಹುಚ್ಚವ್ವ.

"ಹಂಡೆ ತೊಳದಾಕಿ ಕೇಳೂ ಮಾತನ ಇದು?" ಅಂದಳು ನೇತ್ರಾ, ತಲೆ ಎತ್ತದೆ.

ಈಗ ಎಲೆಗೆ ನೀರು ಬೆರೆಸಿ ತೆಳುಮಾಡಿದ ನೈಟ್ರಿಕ್ ಆಮ್ಲ ತಗುಲಿಸಿದಳು. ಹಸಿರು ಸರಸರನೆ ಬಿಟ್ಟುಕೊಂಡು ಇಳಿಯಿತು, ದ್ರವಕ್ಕೆ ತೆಳು ನೀಲಿ ಬಂತು. ಅದನ್ನು ಎರಡು ನಳಿಕೆಗಳಿಗೆ ಹಂಚಿದಳು. ಮೊದಲನೆಯದಕ್ಕೆ ಅಮೋನಿಯಾ. ಮೊದಲು ಮೋಡ ಕಟ್ಟಿತು, ಇನ್ನಷ್ಟು ಹನಿಸಿದಾಗ ಮೋಡ ಒಡೆದು ನೀಲಿ ಬಂತು ನೋಡಿ, ಎಂಥ ನೀಲಿ! ಬೆಟಗೇರಿಯ ಮಗ್ಗದಿಂದ ಈಗಷ್ಟೇ ಇಳಿಸಿದ ಸೀರೆಯಂಥ ನೀಲಿ. ತಾಮ್ರ ಇರುವುದು ಖಾತ್ರಿ.

ಎರಡನೆಯದಕ್ಕೆ ಸಿಲ್ವರ್ ನೈಟ್ರೇಟ್. ಬೆಳ್ಳಗಾಗದಿದ್ದರೆ ಅದು ಬರೀ ಕಿಲುಬು, ಧಾರವಾಡ ಹೋಯಿತು, ಮುಂದೆ ಸೋಪಿಗೆ ಕಾಗದ. ಹನಿ ಬಿತ್ತು. ನಳಿಕೆಯೊಳಗೆ ಹಾಲು ಒಡೆದ ಹಾಗೆ ಬೆಳ್ಳನೆಯ ಗರಣೆ ಕಟ್ಟಿತು.

ನೇತ್ರಾ ಬಾಯಿ ತೆರೆಯುವ ಮೊದಲೇ ಸರ್ ಕೈ ಎತ್ತಿದರು. "ತಡಿ. ನಿಂಬಿ ಎಲ್ಯಾಗನ ಕ್ಲೋರೈಡ ಇದ್ರ?"

ಹೌದಲ್ಲ! ಅವಳು ಕೊಂಬೆಯ ತುದಿ ಹುಡುಕಿದಳು. ತುದಿಯ ಎಲೆಗಳ ಮೇಲೆ ಒಂದೂ ಚಿಕ್ಕೆ ಇರಲಿಲ್ಲ, ಹುಚ್ಚವ್ವನ ಕೈ ಅಲ್ಲಿಗೆ ಎಟುಕಿರಲಿಲ್ಲ. ಅದನ್ನೂ ಹಾಗೇ ತೊಳೆದು, ಆಮ್ಲದಲ್ಲಿ ಅದ್ದಿ, ಹನಿಸಿದಳು. ಹೆಚ್ಚುಕಡಿಮೆ ತಿಳಿ. ಸೋಮೇಶನ ಡಬ್ಬಿಯ ಪುಡಿಯಿಂದ ಸರ್ ತಾವೇ ಇನ್ನೊಂದು ಜೋಡಿ ನಳಿಕೆ ಮಾಡಿದರು. ಅದೇ ನೀಲಿ, ಅದೇ ಬಿಳಿ. ಅಂಗಡಿಯದ್ದೂ ಹಂಡೆಯದ್ದೂ ಅಕ್ಕ ತಂಗಿಯರ ಹಾಗೆ ಪಕ್ಕಪಕ್ಕ ನಿಂತವು.

"ಡಬ್ಬಿ ತುಂಬ ತಾ ಅಂದಿದ್ನಿ, ತಂದಿಲ್ಲ," ಎಂದರು ಮಹಾದೇವ ಸರ್. "ಆದ್ರ ತಂದದ್ದು ಖರೆ ಐತಿ ಅಂತ ತೋರಿಸಿದಿ. ಡಬ್ಬಿ ಇನ್ನೊಮ್ಮಿ ತುಂಬಿಸಬಹುದು. ಹೋಗು ಧಾರವಾಡಕ್ಕ. ಈ ಸಲ ಬಕೀಟಿನಾಗ ಮಾಡು, ಹಸರ ರಾಡಿ ಚಂದಂಗ ತೊಳದು, ಒಣಗಿಸಿ, ತೂಕ ಮಾಡಿ ತೋರಸು. ನಿಂಬಿ ಕೊಂಬಿನೂ ಒಯ್ಯಿ. ಮಳಿಗೂ ಹೋಗಲಿಲ್ಲ ಅನ್ನೂದಕ್ಕ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದೈತಿ?"

ಅಂದು ಆ ಲ್ಯಾಬಿನಲ್ಲಿ ಎಷ್ಟು ಗದ್ದಲವಾಯಿತೆಂದರೆ ಪಕ್ಕದ ಕೋಣೆಯಿಂದ ಗಣಿತದವರು ಬಂದು ಇಣುಕಿದರು.

ಹುಚ್ಚವ್ವ ನೀಲಿ ನಳಿಕೆಯನ್ನೇ ನೋಡುತ್ತಿದ್ದಳು. "ಹಸರ ಇದ್ದದ್ದು ನೀಲಿ ಆತಲ್ರೀ ಮಾಸ್ತರ. ಏನ ಕಣ್ಣಕಟ್ಟ ಇದು?"

"ಅರ್ಧ ಕೆಲಸ ನೀವ ಮಾಡಿದ್ರಿ ಅವ್ವಾರ. ನೀವು ಹುಣಸಿಹುಳಿಲೆ ಕರಗಿಸಿದ್ರಿ, ಈಕಿ ಆಸಿಡಲೆ ಕರಗಿಸಿದ್ಲು."

"ಹಂಗಾರ ಧಾರವಾಡಕ್ಕ ನಾನೂ ಬರ್ಲ್ಯಾ?"

"ಬರ್ರಿ. ಹಂಡೆ ಮಾತ್ರ ಬ್ಯಾಡ್ರಿ!"

ಸಂಜೆ ಬಸ್‌ಸ್ಟ್ಯಾಂಡಿಗೆ ಹಂಡೆ ಹೊತ್ತವನು ಸೋಮೇಶ. ಅವನನ್ನೂ ಸರ್ ನೇತ್ರಾಳ ಪ್ರಾಜೆಕ್ಟಿಗೇ ಸೇರಿಸಿದ್ದರು, ಪಂಪು ನೋಡಿಕೊಳ್ಳುವ ಕೆಲಸ ಅವನದು. ದಾರಿಯುದ್ದಕ್ಕೂ ಗೊಣಗುತ್ತಲೇ ಇದ್ದ. "ಡಬ್ಬಿ ಇಟ್ಟು ಸುಮ್ಮನಿದ್ರ ಒಂದ ನಿಮಿಷದ ಕೆಲಸ. ಎದಿ ಒಡದು ಹೋಗಿತ್ತಲೇ ನಂದು! ಬೆಳ್ಳಗ ಆಗದಿದ್ರ ಏನ ಮಾಡತಿದ್ದಿ?"

"ನಿನ್ನ ಕಲ್ಲಿನ ಸೋಪಿಗೆ ಕಾಗದಾ ಸುತ್ತತಿದ್ನಿ."

"ಹುಚ್ಚ ಐತಿ ನಿನಗ."

"ಹುಚ್ಚವ್ವನ ಮೊಮ್ಮಗಳು ನಾ," ಅಂದಳು ನೇತ್ರಾ, ಮುಂದೆ ನಡೆಯುತ್ತಿದ್ದ ಆಯಿಗೆ ಕೇಳಿಸಲೆಂದು ಜೋರಾಗಿ. ಹುಚ್ಚವ್ವ ತಿರುಗಿ ನೋಡದೆ ಸೆರಗು ಸರಿಮಾಡಿಕೊಂಡಳು, ಹಿಂದಿನಿಂದಲೂ ಅವಳು ನಗುತ್ತಿರುವುದು ಕಾಣುತ್ತಿತ್ತು.

ಸೋಮೇಶ ಇವತ್ತಿಗೂ ತಾನು ಹೇಳಿದ್ದೇ ಸರಿ ಅನ್ನುತ್ತಾನೆ. ಈಗ ನೀವೇ ಹೇಳಿ. ಎದುರಿಗೆ ಸರ್ ಕೈಚಾಚಿ ನಿಂತಿದ್ದಾರೆ, ಚೀಲದೊಳಗೆ ಒಂದು ಕಡೆ ನಿಮ್ಮ ಹೆಸರು ಅಂಟಿಸಿದ ತುಂಬಿದ ಡಬ್ಬಿ, ಇನ್ನೊಂದು ಕಡೆ ಬೆರಳು ಚುಚ್ಚುವ ನಿಂಬೆಕೊಂಬೆ. ಅವಳ ಜಾಗದಲ್ಲಿ ನೀವಿದ್ದಿದ್ದರೆ ಯಾವುದನ್ನು ಹೊರಗೆ ತೆಗೆಯುತ್ತಿದ್ದಿರಿ?